ಬೂಷ್ಟು ಮೇಷ್ಟರ ಇಂಪ್ಯಾಕ್ಟು

ಬೂಷ್ಟಿನ ಮೇಲೆ ಸಂಶೋಧನೆ ಮಾಡುವವನ ಬಾಳಿನಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಬೇಡ ಬೇಡವೆಂದರೂ ಏನಾದರೊಂದು ನಡೆಯುತ್ತಲೇ ಇರುತ್ತದೆ.

ನಾನು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಗಿಡದ ಬೇರಿನೊಳಗೆ ಮನೆ ಮಾಡಿಕೊಂಡು, ಮಣ್ಣಿನ ಸಾರವನ್ನು ಗಿಡಕ್ಕೆ ಎಳೆದುಕೊಟ್ಟು, ಬಾಡಿಗೆಯೆಂಬಂತೆ ಅದರಿಂದ ಒಂದಿಷ್ಟು ಸಕ್ಕರೆ ಪಡೆಯುವ ಒಂದು ಜಾತಿಯ ಬೂಷ್ಟು ನನ್ನ ವಿಷಯ. ಇಷ್ಟು ಮರ್ಯಾದಸ್ಥ ಜೀವಿಯ ಬಗ್ಗೆ ಕೆಲಸ ಮಾಡಿದರೂ ಜಯನಗರದ ನಮ್ಮ ಬೀದಿಯಲ್ಲಿ ನನಗೆ ಬಿದ್ದ ಹೆಸರು ‘ಬೂಷ್ಟು ಮೇಷ್ಟರು’. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಪ್ರೊಫೆಸರ್ ಆಗಿದ್ದರು, ನಾನೊಬ್ಬ ಆಗಿರಲಿಲ್ಲ. ಇದು ಅಮ್ಮನಿಗೆ ದೊಡ್ಡ ಕೊರಗು. ಸುಳ್ಳೇಕೆ, ನನಗೂ ಹೊಟ್ಟೆ ಉರಿಯುತ್ತಿತ್ತು.

ಜಾಡಿ

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಹೊತ್ತು ಬಂದರು.

“ಮೇಷ್ಟ್ರೇ, ಮೇಲೆ ಬೆಳ್ಳಗೆ ಏನೋ ಬಂದಿದೆ. ಇದು ಯಾವ ಬೂಷ್ಟು ನೋಡಿ ಹೇಳಿ.”

ನನ್ನ ವಿದ್ಯೆಗೆ ಬೀದಿಯಲ್ಲಿ ಸಿಕ್ಕ ಮೊದಲ ಗೌರವ. ಚೂರು ತೆಗೆದುಕೊಂಡು ಕಾಲೇಜಿಗೆ ಓಡಿದೆ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸಂಜೆ ಅದರ ಲ್ಯಾಟಿನ್ ಹೆಸರು, ಕುಲ, ಗೋತ್ರ ಎಲ್ಲ ಒಪ್ಪಿಸಿದೆ. ಆಕೆ ಸಹನೆಯಿಂದ ಕೇಳಿಸಿಕೊಂಡು, “ಸರಿ, ತಿನ್ನಬಹುದೋ ಬಾರದೋ?” ಎಂದರು.

“ಅದು ಹೇಳಕ್ಕಾಗಲ್ಲ ಮೇಡಂ. ಅದಕ್ಕೆ ಬೇರೆ ಪ್ರಯೋಗ ಆಗ್ಬೇಕು.”

“ಪ್ರಯೋಗ ಆಗಿದೆ ಬಿಡಿ. ಮೇಲಿಂದು ತೆಗೆದು ಹೋದ ವಾರ ನಿಮ್ಮನೆಗೆ ಒಂದು ಬಟ್ಟಲು ಕೊಟ್ಟಿದ್ನಲ್ಲ. ಚೆನ್ನಾಗಿದೆ ಅಂದ್ರಿ. ಆಮೇಲೇ ನಾವು ತಿಂದಿದ್ದು.”

ಆಯುಧಪೂಜೆ

ನಮ್ಮ ವಿಭಾಗದ ಮುಖ್ಯಸ್ಥರಿಗೆ ಆಯುಧಪೂಜೆ ಎಂದರೆ ಪಂಚಪ್ರಾಣ. ಪ್ರಯೋಗಾಲಯದಲ್ಲಿ ಒಂದು ಗಾಜಿನ ಪೆಟ್ಟಿಗೆಯಿದೆ. ಹೊರಗಿನ ಒಂದು ಧೂಳಿನ ಕಣವೂ ನುಸುಳದಂತೆ ಕಾದುಕೊಂಡು, ನಾನು ಅದರೊಳಗೆ ನನ್ನ ತಟ್ಟೆಗಳಲ್ಲಿ ಒಂದೇ ಜಾತಿಯ ಬೂಷ್ಟನ್ನು ಶುದ್ಧವಾಗಿ ಬೆಳೆಸುತ್ತಿದ್ದೆ. ಆ ವರ್ಷ ಹಬ್ಬದ ಹಿಂದಿನ ದಿನ ಅವರು ಪೆಟ್ಟಿಗೆಯ ಬಾಗಿಲು ತೆರೆದು, ಊದುಬತ್ತಿ ಬೆಳಗಿ, ತಟ್ಟೆಗಳ ಮುಚ್ಚಳ ತೆಗೆದು ಒಂದೊಂದಕ್ಕೂ ಹೂವಿನ ಎಸಳು, ಅರಿಶಿನ, ಕುಂಕುಮ ಏರಿಸಿದರು. ಕಡ್ಲೆಪುರಿಯೂ ಒಂದೆರಡು ಕಾಳು ಒಳಗೆ ಬಿತ್ತು.

ರಜೆ ಮುಗಿಸಿ ಬಂದು ನೋಡುತ್ತೇನೆ, ತಟ್ಟೆಯ ತುಂಬ ಹಸಿರು, ಕಪ್ಪು, ಕಿತ್ತಳೆ. ನನ್ನದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ.

ಮುಖ್ಯಸ್ಥರು ಹಿಂದಿನಿಂದ ಬಂದು ಬಗ್ಗಿ ನೋಡಿ ಬೆನ್ನು ತಟ್ಟಿದರು. “ನೋಡಿದ್ರಾ? ವರ್ಷವಿಡೀ ಒಂದನ್ನೇ ಬೆಳೆಸ್ಕೊಂಡು ಕೂತಿದ್ರಿ. ಒಂದು ಪೂಜೆಗೆ ಎಷ್ಟು ತರಹ ಬಂತು.”

ಎಳ್ಳು

ಅಷ್ಟರಲ್ಲಿ ‘ಇಂಪ್ಯಾಕ್ಟ್’ ಎಂಬ ಮಾತು ಊರಿಗೆ ಬಂತು. ಸಂಶೋಧನೆ ಮಾಡಿದರೆ ಸಾಲದು, ಅದರಿಂದ ಯಾರಿಗೆ ಏನಾಯಿತು ಎಂದು ತೋರಿಸಬೇಕು, ನಿಮ್ಮ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಬೇಕು. ಆಗಲೇ ಪ್ರಮೋಷನ್. ಮೊನ್ನೆ ಮೊನ್ನೆ ಪ್ರೊಫೆಸರ್ ಆದ ಗೆಳೆಯನನ್ನು ಬನಶಂಕರಿಯ ದರ್ಶಿನಿಯಲ್ಲಿ ಹಿಡಿದು ಗುಟ್ಟು ಕೇಳಿದೆ.

“ಸಂಕ್ರಾಂತಿ ಎಳ್ಳು ಇದ್ದ ಹಾಗೆ ಗುರು,” ಎಂದ. “ನಾನು ನಿಂಗೆ ಬೀರ್ತೀನಿ, ನೀನು ನಂಗೆ ಬೀರು. ನಾವು ಕತ್ರಿಗುಪ್ಪೆ ಕಡೆಯವರು ಐದಾರು ಜನ ಹಾಗೇ ಮಾಡ್ಕೊಂಡಿದೀವಿ. ನಿನ್ನ ಯಾರೂ ಉಲ್ಲೇಖಿಸಿಲ್ವಾ?”

“ಒಬ್ಬ ಹೊರದೇಶದವನು ಉಲ್ಲೇಖಿಸಿದಾನೆ. ‘ಇವರು ಹೇಳಿದಂತೆ ಮಾಡಿದೆವು, ಏನೂ ಆಗಲಿಲ್ಲ’ ಅಂತ.”

ಗೆಳೆಯ ವಡೆ ಮುರಿಯುತ್ತ ಯೋಚಿಸಿದ. “ಬೈದಿದ್ರೂ ಲೆಕ್ಕಕ್ಕೆ ಬರುತ್ತೆ. ಇನ್ನೂ ನಾಲ್ಕು ಜನರ ಹತ್ರ ಬೈಸ್ಕೋ.”

ಎರಡು ಸಾಲು

ಕೊನೆಗೂ ನನ್ನ ಸರದಿ ಬಂತು. ಪ್ರಮೋಷನ್ ಸಮಿತಿಯ ಮೂವರು ಇಂಪ್ಯಾಕ್ಟನ್ನು ಕಣ್ಣಾರೆ ನೋಡಲು ಬರುತ್ತೇವೆಂದರು. ಕಾಲೇಜಿನ ಗಾಜಿನ ಮನೆಯಲ್ಲಿ ಮುರಿದ ಬೆಂಚುಗಳನ್ನು ತುಂಬಿದ್ದರಿಂದ ನನ್ನ ಪ್ರಯೋಗ ನಮ್ಮ ಮನೆಯ ತಾರಸಿಯ ಮೇಲೆ ನಡೆಯುತ್ತಿತ್ತು. ಮೆಣಸಿನ ಗಿಡದ ಕುಂಡಗಳು ಎರಡು ಸಾಲು. ಎಡಸಾಲಿಗೆ ಬೂಷ್ಟು ಬೆರೆಸಿದ ಮಣ್ಣು. ಬಲಸಾಲಿಗೆ ಬರೀ ಮಣ್ಣು, ಅದಕ್ಕೆ ‘ಕಂಟ್ರೋಲ್’ ಎನ್ನುತ್ತೇವೆ. ಅದು ಸೊರಗಿದರೆ ತಾನೇ ಎಡಸಾಲಿನ ಹಿರಿಮೆ ತಿಳಿಯುವುದು. ನೀರು ಹಾಕುವ ಕೆಲಸ ಅಮ್ಮನದು.

“ಈ ಸಾಲು ಏನು ಪಾಪ ಮಾಡಿದೆಯೋ?” ಎಂದು ಅಮ್ಮ ಕೇಳಿದ್ದಳು.

“ಅದನ್ನ ಹಾಗೇ ಬಿಡ್ಬೇಕಮ್ಮಾ. ಅದೇ ವಿಜ್ಞಾನ.”

ಅಮ್ಮ ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳೆಂದಲ್ಲ ಎಂಬುದು ನನಗೆ ಆಗ ಹೊಳೆಯಬೇಕಿತ್ತು.

ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಮೈಸೂರಿನಲ್ಲಿ ಕೆಲವು ವಾರ ಕಳೆದು, ಸಮಿತಿ ಬರುವ ದಿನವೇ ಬಸ್ಸಿಳಿದೆ. ತಾರಸಿ ಹತ್ತಿ ನೋಡಲೂ ಪುರುಸೊತ್ತಾಗಲಿಲ್ಲ. ನೇರವಾಗಿ ಅವರನ್ನೇ ಕರೆದುಕೊಂಡು ಹತ್ತಿದೆ.

ಎಡಸಾಲು ಚೆನ್ನಾಗಿತ್ತು. ಬಲಸಾಲು ಅದರ ಎರಡರಷ್ಟು ಎತ್ತರ ಬೆಳೆದು, ಮೈತುಂಬ ಮೆಣಸಿನಕಾಯಿ ಬಿಟ್ಟು ತೂಗುತ್ತಿತ್ತು.

“ಭೇಷ್,” ಎಂದು ಅಧ್ಯಕ್ಷರು ಬಲಸಾಲಿನ ಕಡೆ ಕೈ ಮಾಡಿದರು. “ಇದು ಬೂಷ್ಟಿನ ಪ್ರಭಾವ ಅಂದ್ರೆ.”

“ಸಾರ್, ಅದು ಬೂಷ್ಟು ಹಾಕದೇ ಇರೋ ಸಾಲು.”

ಮೂವರೂ ನನ್ನನ್ನು ನೋಡಿದರು. ಇಷ್ಟು ವರ್ಷದ ದುಡಿಮೆ ಮೆಣಸಿನ ಗಿಡದ ಕೆಳಗೆ ಹೂತುಹೋಯಿತು ಎಂದುಕೊಂಡೆ. ಆಗ ಅಮ್ಮ ಕಾಫಿಯ ತಟ್ಟೆ ಹಿಡಿದು ಮೇಲೆ ಬಂದಳು.

“ಯಾರು ಹೇಳಿದ್ದು ಹಾಕಿಲ್ಲ ಅಂತ? ದಿನಾ ಬೆಳಿಗ್ಗೆ ಆ ಸಾಲಿನ ಕುಂಡಗಳಿಂದ ಒಂದೊಂದು ಚಮಚ ಮಣ್ಣು ತೆಗೆದು ಈ ಸಾಲಿಗೆ ಹಾಕಿದೀನಿ. ಇಷ್ಟು ದಿನ ಉಪವಾಸ ಇದ್ವಲ್ಲ ಅಂತ ಅಕ್ಕಿ ತೊಳೆದ ನೀರೂ ಹಾಕಿದೀನಿ. ಒಂದೇ ಮನೇಲಿ ಪಂಕ್ತಿಭೇದ ಮಾಡ್ಬಾರ್ದು.”

ಒಂದೇ ಪಂಕ್ತಿಯಲ್ಲಿ ಕೂತವರಿಗೆ ಹೆಚ್ಚು ಕಡಿಮೆ ಬಡಿಸಬಾರದೆಂಬ ಅವಳ ನಿಯಮ ನನ್ನ ಇಡೀ ಪ್ರಯೋಗವನ್ನು ನುಂಗಿತ್ತು. ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಧ್ಯಕ್ಷರ ಕೈಗೆ ಲೋಟ ಕೊಡುತ್ತ, “ಇವನ ಜೊತೆ ಸೇರಿದೋರಿಗೆಲ್ಲ ಪ್ರೊಫೆಸರ್ ಅಂತ ಕೊಟ್ರಿ. ಇವನಿಗೊಬ್ಬನಿಗೆ ಯಾಕೆ ಕೊಡ್ಲಿಲ್ಲ?” ಎಂದು ಕೇಳಿಯೇ ಬಿಟ್ಟಳು.

ನಾನು ಮೆಣಸಿನಕಾಯಿಗಳನ್ನು ನೋಡುತ್ತ ನಿಂತೆ. ಅಧ್ಯಕ್ಷರು ಒಂದು ಗುಟುಕು ಕುಡಿದು ಗಂಭೀರವಾಗಿ ಹೇಳಿದರು. “ಅಮ್ಮಾ, ನಿಮ್ಮ ಮಗನ್ನ ನಾವು ಕಂಟ್ರೋಲ್ ಸಾಲಲ್ಲಿ ಇಟ್ಟಿದ್ವಿ ಅಂದ್ಕೊಳ್ಳಿ.”

“ಹಾಗಾದ್ರೆ ನೀವೂ ಒಂದು ಚಮಚ ಹಾಕಿ,” ಎಂದಳು ಅಮ್ಮ.

ಹಾಕಿದರು.