ಬಂದಿಶ್ ಯಾರದರಿ?

ನಮ್ಮ ಸೋದರತ್ತೆಯನ್ನು ಸಂಗೀತ ಕಛೇರಿಗೆ ಕರೆದುಕೊಂಡು ಹೋಗುವುದೆಂದರೆ ಮಡಿಲಲ್ಲಿ ಪಟಾಕಿ ಇಟ್ಟುಕೊಂಡು ಕೂತ ಹಾಗೆ! ಗಾಯಕರು ಕಣ್ಣು ಮುಚ್ಚಿ, "ರಾಗ ಯಮನ್, ಪಾರಂಪರಿಕ ಬಂದಿಶ್" ಎಂದರೆ ಸಾಕು, ಈಕೆ ಎದ್ದಳು ಅಂತಲೇ ಲೆಕ್ಕ.

"ಪಾರಂಪರಿಕ ಅಂದ್ರ ಯಾರರಿ? ಆ ನಾಕು ಸಾಲು ಆಕಾಶದಿಂದ ಉದುರಿದ್ವೇನು? ಬಂದಿಶ್ ಕಟ್ಟಿದವ್ರ ಹೆಸರು ಹೇಳ್ರಿ!"

ತಬಲಾದವರ ಕೈ ಮೇಲೆತ್ತಿದ್ದಲ್ಲೇ ನಿಲ್ಲುತ್ತಿತ್ತು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ. ನನಗೂ ಒಂದರಲ್ಲಿ ಕೆಲಸ ಸಿಕ್ಕಿ, ಮಲ್ಕಾಜ್‌ಗಿರಿಯ ಅತ್ತೆಯ ಮನೆಗೆ ಬಂದಿಳಿದೆ. ರೈಲ್ವೆಯಲ್ಲಿದ್ದ ಮಾವ ತೀರಿಹೋಗಿದ್ದರು; ಮಕ್ಕಳಿಲ್ಲ. ಮನೆಯಲ್ಲಿ ಅವಳು, ಒಂದು ತಂಬೂರಿ, ಒಂದು ಕುಕ್ಕರ್. ನಾನು ಆಫೀಸಿಗೆ ಹೋದರೆ ಅವಳಿಗೆ ಮಾತಿಗೂ ಆ ಕುಕ್ಕರೇ, ಜಗಳಕ್ಕೂ ಅದೇ. "ಪಂಚಮಕ್ಕ ಹತ್ತಂಗೇ ಇಲ್ಲ ಇದರ ಸೀಟಿ!" ಎಂದು ಸಿಟ್ಟಿನಿಂದ ಒಲೆ ಆರಿಸುತ್ತಿದ್ದಳು. ನಾವು ಬೇಯದ ಬೇಳೆ ತಿನ್ನುತ್ತಿದ್ದೆವು.

ಕೋಠಿ ಬಜಾರಿನ ಸೀರೆ ಅಂಗಡಿಯಲ್ಲಿ ರೇಡಿಯೋ ಹಾಡುತ್ತಿದ್ದರೆ ಅಲ್ಲೂ ಅದೇ ಪ್ರಶ್ನೆ: "ಭಯ್ಯಾ, ಯೇ ಕಿಸ್ಕೀ ಬಂದಿಶ್ ಹೈ?" ಪಾಪ, ಅವನು ಗಾಬರಿಯಾಗಿ ಸೀರೆಯ ಬೆಲೆ ಇಳಿಸಿದ! ಆದರೂ ಇವಳು ಕೊಳ್ಳಲಿಲ್ಲ. ಉತ್ತರ ಬರಲಿಲ್ಲವಂತೆ.

ಇಷ್ಟೆಲ್ಲ ಯಾಕೆ ಅಂತೀರಾ? ಅವಳೂ ಬಂದಿಶ್ ಕಟ್ಟುತ್ತಿದ್ದಳು. ಓಣಿಯ ಹುಡುಗಿಯರಿಗೆ ಕಲಿಸಿದಳು. ಹುಡುಗಿಯರು ಮದುವೆಯಾಗಿ ಊರೂರು ಸೇರಿದರು, ಹಾಡುಗಳೂ ಅವರ ಜೊತೆ ಹೋದವು, ಅವಳ ಹೆಸರು ಮಾತ್ರ ಹೋಗಲಿಲ್ಲ. ನನಗೆ ಅವಳು ಅತ್ತಿ, ಓಣಿಗೆ 'ಸಂಗೀತಂ ಆಂಟಿ'. "ಒಮ್ಮೆರೆ ಯಾರರೆ ನನ್ನ ಹೆಸರು ಹೇಳಿ ಹಾಡಿದ್ರ ಸಾಕವಾ," ಅಂದಿದ್ದಳು ಒಂದು ಸಂಜೆ, ಅವರೆಕಾಯಿ ಸುಲಿಯುತ್ತಾ.

ಬೇಗಂಪೇಟೆಯಲ್ಲಿ ಕನ್ನಡಿಗರ ಒಂದು ಕಛೇರಿ. ಧಾರವಾಡದಿಂದ ಬಂದ ಎಳೆಯ ಗಾಯಕಿ, "ಈಗೊಂದು ಪಾರಂಪರಿಕ ಬಂದಿಶ್" ಎಂದು ಎತ್ತಿಕೊಂಡಳು. ಅದು ಅತ್ತೆಯದು! ಅಡುಗೆಮನೆಯಲ್ಲಿ ದಿನಾ ಕೇಳಿದ್ದು! ಇವತ್ತು ಸಭೆಯ ಕಥೆ ಮುಗಿಯಿತು ಎಂದುಕೊಂಡೆ.

ಅತ್ತೆ ಏಳಲೇ ಇಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದಳು. ಹಾಡು ಮುಗಿದು ಚಪ್ಪಾಳೆಯೂ ಆಯಿತು.

"ಅತ್ತಿ, ಕೇಳ್ರಿ!"

"ಹೆಂಗ ಕೇಳ್ಲಿ? ಉತ್ತರ ಗೊತ್ತಿದ್ದಾಕಿ ಕೇಳಬಾರದವಾ."

ಅಷ್ಟು ತುಂಬಿದ ಸಭೆಯಲ್ಲಿ ಅವಳಷ್ಟು ಒಂಟಿಯಾದವರನ್ನು ನಾನು ಕಂಡಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಎದ್ದು ನಿಂತೆ.

"ಬಂದಿಶ್ ಯಾರದರಿ?"

ಗಾಯಕಿ ತಬ್ಬಿಬ್ಬಾದಳು. "ನಮ್ಮವ್ವ ಕಲಿಸಿದ್ದರಿ. ಆಕಿಗೆ ಸಣ್ಣಾಕಿದ್ದಾಗ ಇಲ್ಲೇ ಮಲ್ಕಾಜ್‌ಗಿರಿಯೊಳಗ ಯಾರೋ ಹೇಳಿಕೊಟ್ಟಿದ್ರಂತ. ಹೆಸರು ಗೊತ್ತಿಲ್ರಿ."

"ಇವರೇರಿ ಅವರು!" ಎಂದು ಅತ್ತೆಯ ಭುಜ ಹಿಡಿದೆ. ಗಾಯಕಿ ಕೈ ಮುಗಿದು, "ನಿಮ್ಮ ಹೆಸರು ಹೇಳ್ರೀ ಅಮ್ಮಾ" ಎಂದಳು.

ಅತ್ತೆ ಮೆಲ್ಲಗೆ ಹೇಳಿದಳು. ಅದು ತವರಿನ ಹೆಸರು. ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆದ ಮೇಲೆ ಯಾರೂ ಕರೆಯದೇ ಬಿಟ್ಟದ್ದು. ನಮ್ಮಪ್ಪನಿಗೂ ಅವಳು ಬರೀ 'ಅಕ್ಕ'; ನಾನೂ ಅವತ್ತೇ ಮೊದಲು ಕೇಳಿದ್ದು.

ಗಾಯಕಿ ಆ ಹೆಸರನ್ನು ಮೈಕಿನಲ್ಲಿ ಹೇಳಿದಳು.

"ಓ!" ಅಂದಳು ಅತ್ತೆ, ಅವ್ವ ಒಳಗಿನಿಂದ ಕೂಗಿದಾಗ ಅಂಗಳದಲ್ಲಿ ಆಡುವ ಹುಡುಗಿ ಓಗೊಟ್ಟ ಹಾಗೆ.