ನಿದ್ರಾಸುರನ ವಾಹನ

"ವೈದ್ಯನಿಗೆ ಔಷಧಿಯಾದರೆ ರೈತನಿಗೆ ಏನು?" ನೌಕರಿ ಪರೀಕ್ಷೆಯ ಇಂಥ ಹೋಲಿಕೆ ಪ್ರಶ್ನೆಗಳಿಗೆ ಇಡೀ ಬಸವಕಲ್ಯಾಣದಲ್ಲಿ ಧನರಾಜ ಸರ್ ಒಬ್ಬರೇ ಚಕ್ರವರ್ತಿ! ಆ ಚಕ್ರವರ್ತಿ ನಾನೇ. ಹೀಗಾಗಿ, ಮುನಿಸಿಕೊಂಡು ಹುಮನಾಬಾದಿನ ತವರಿಗೆ ಹೋದ ಹೆಂಡತಿ ಐಶ್ವರ್ಯ ಫೋನಿನಲ್ಲಿ, "ಮಗಳು ಕೇಳೋ ಒಗಟು ಬಿಡಿಸ್ರಿ, ಆಮ್ಯಾಲ ನೋಡೂಣು" ಎಂದಾಗ ಮೀಸೆ ತಿರುವಿದೆ. ಮೂರನೇ ಇಯತ್ತೆಯ ಸ್ನೇಹಲ್ ನನಗೆ ಪ್ರಶ್ನೆ ಹಾಕುವುದೆಂದರೇನು! ಹೆಂಡತಿಯನ್ನು ಕರೆತಂದೇ ತರುತ್ತೇನೆಂದು ಪ್ರತಿಜ್ಞೆ ಮಾಡಿದೆ.

ಮುನಿಸಿಗೆ ಕಾರಣ ಇಷ್ಟೇ. ಜ್ವರದಲ್ಲೂ ಅವಳು ನಳದ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ನಾನು ಮೊಬೈಲ್ ನೋಡುತ್ತ ಬಿದ್ದಲ್ಲಿಂದಲೇ "ಚಹಾ ಎಲ್ಲಿ?" ಎಂದೆ. ಮಗಳ ಕೈ ಹಿಡಿದು ನಡೆದೇ ಬಿಟ್ಟಳು! ಅಂದಿನಿಂದ ನಮ್ಮದು ಸೂತಕದ ಮನೆ. ಹಾಲು ಉಕ್ಕಿತು, ಅದನ್ನು ಒರೆಸುವಾಗ ಬೇಳೆ ಸೀದಿತು, ಬೇಳೆಯ ಕಡೆ ಓಡಿದಾಗ ನಳ ಮರೆತು ಅಡುಗೆಮನೆ ಕೆರೆಯಾಯಿತು! ಒಬ್ಬನೇ ಕುಳಿತು ಒಣ ರೊಟ್ಟಿ ಕಡಿಯುವಾಗ ಅಳು ಬಂತು. ನಗಬೇಡಿ, ನಿಜವಾಗಿಯೂ ಬಂತು.

ಒಗಟುಗಳೆಲ್ಲ ಐಶ್ವರ್ಯಳೇ ಕಟ್ಟಿದ ಒಂದು ಪುರಾಣದವು. ಏಳು ಲೋಕ, ಬೆಂಕಿಗೂದಲಿನ ರಾಜ, ರಾಣಿ ನೀಲಾಂಬೆ, ರಾಕ್ಷಸ ನಿದ್ರಾಸುರ. ದಿನಾ ಸಂಜೆ ಮಗಳಿಗೆ ಹೇಳುತ್ತಿದ್ದಳು. ನಾನೂ ಅದೇ ಕೋಣೆಯಲ್ಲಿ ಇರುತ್ತಿದ್ದೆ, ಆದರೆ ಒಂದು ದಿನವೂ ಕಿವಿಗೊಟ್ಟವನಲ್ಲ. ಅದರಿಂದೇನು? ತರ್ಕ ಬಲ್ಲವನಿಗೆ ಕಥೆ ಯಾತಕ್ಕೆ!

ನಮ್ಮ ಕಡೆ ಹೊಸ ಮದುಮಗನನ್ನು ಹೊಸ್ತಿಲಲ್ಲಿ ತಡೆದು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿಸುತ್ತಾರೆ. ಅತ್ತೆಮನೆಯ ಅದೇ ಹೊಸ್ತಿಲಲ್ಲಿ ಈಗ ಸ್ನೇಹಲ್ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಹಿಂದೆ ಅತ್ತೆ ಭಾಗಮ್ಮ, ಜೊತೆಗೆ ಸೊರಗಿದ ಮುಖದ ಐಶ್ವರ್ಯ.

"ಬೆಂಕಿರಾಜಗ ರೆಕ್ಕಿ ಕುದುರಿ ಅದ. ಹಂಗಾದ್ರ ನಿದ್ರಾಸುರಗ ಏನದ?"

"ವಾಹನ ಕೇಳಾಕತ್ತಿ ಹೌದಿಲ್ಲೋ? ಕೋಣ!"

"ತಪ್ಪು! ಸೋಫಾ!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ಪುರಾಣದಾಗ ಸೋಫಾ ಎಲ್ಲಿಂದ ಬಂತವಾ?"

"ಅಂವಾ ಅದರ ಮ್ಯಾಲೇ ಬಿದ್ದಿರ್ತಾನಪ್ಪಾ. ಇಳಿಯೂದೇ ಇಲ್ಲ."

ಈ ರಾಕ್ಷಸನನ್ನು ಎಲ್ಲೋ ಕಂಡ ಹಾಗಿತ್ತು! ಬೆವರು ಒರೆಸಿಕೊಂಡು, "ಜರಾ ಇನ್ನೊಂದು ಕೇಳ್ರಿ" ಎಂದು ಗೋಗರೆದೆ.

ಈ ಸಲ ಐಶ್ವರ್ಯಳೇ ಕೇಳಿದಳು. "ನೀಲಾಂಬೆಗೆ ಆಕಾಶ ಹ್ಯಾಂಗೋ, ಹಂಗ ನನಗ ಯಾರ್ರಿ?"

ಆಹಾ! ಆಕಾಶವೆಂದರೆ ಎತ್ತರ, ವಿಶಾಲ, ಲೋಕಕ್ಕೆಲ್ಲ ಆಸರೆ! ಎದೆಯುಬ್ಬಿಸಿ "ನಾನು!" ಎಂದೆ.

"ಬರೋಬ್ಬರಿ ಅದ" ಎಂದಳು.

"ನೋಡಿದೇನು? ನಡಿ, ಚೀಲ ತೊಗೊ!"

ಯಾರೂ ಕದಲಲಿಲ್ಲ. ಸ್ನೇಹಲ್ ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಆಕಾಶ ಬೀಳಬಾರದಂತ ನೀಲಾಂಬೆ ಅದನ್ನ ತಲಿ ಮ್ಯಾಲ ಹೊತ್ಕೊಂಡು ನಿಂತಾಳ. ಪಾಪ, ಕೂಡಾಕೂ ಬರಂಗಿಲ್ಲ, ಮಲಗಾಕೂ ಬರಂಗಿಲ್ಲ."

ಹೆಂಡತಿಯ ಮುಖ ನೋಡಿದೆ. ಎಷ್ಟು ದಣಿದಿದ್ದಳು!

"ಮುಂದೇನಾತು?" ಎಂದೆ. ಅವಳ ಕಥೆಯ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಬ್ಯಾಸತ್ತು ಕೆಳಗ ಇಳಿಸಿದಳು" ಎಂದಳು ಹೆಂಡತಿ.

"ಅಯ್ಯೋ, ಆಕಾಶ ಬಿತ್ತೇನು?"

"ಇಲ್ರಿ" ಎಂದಳು ಐಶ್ವರ್ಯ, ಬಾಗಿಲು ಮುಚ್ಚುತ್ತ. "ಬಸವಕಲ್ಯಾಣದ ಬಸ್ ಹತ್ತಿ ವಾಪಸ್ ಹೋಗ್ತದ."