ಗಾಜಿನ ತೊಟ್ಟಿಯ ಕಾಂಗೋ ನದಿ

ಕಷ್ಟ ಶುರುವಾದದ್ದು ಹನ್ನೆರಡು ಒಣ ಬಾದಾಮಿ ಎಲೆಗಳಿಂದ. ಆನೆಯಂಥ ಕಷ್ಟವೂ ಮನೆಹೊಗುವುದು ಇರುವೆಯ ದಾರಿಯಲ್ಲೇ. ಮೇಲಿರುವವನ ಏರ್ಪಾಡು ಹಾಗೆ.

ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತನೊಬ್ಬನಿದ್ದ. ಕೆಂಡವಾಗಿ ಬಂದವರು ಅವನ ಮೇಜಿನ ಮುಂದೆ ಅರ್ಧ ಗಂಟೆ ಕೂತು ಬೂದಿಯಾಗಿ ಎದ್ದು ಹೋಗುತ್ತಿದ್ದುದರಿಂದ ಎಲ್ಲರೂ ಅವನನ್ನು ತಣ್ಣೀರು ಎಂದೇ ಕರೆಯುತ್ತಿದ್ದರು. ಊರಿನ ದೂರನ್ನೆಲ್ಲ ಬರೆದ ಆ ಕೈಗೆ ತನ್ನ ದೂರನ್ನು ಯಾರಲ್ಲಿ ಬರೆಸಬೇಕೋ ತಿಳಿದಿರಲಿಲ್ಲ. ಅವನ ಬೀದಿಯ ಪೈಪು ತುಕ್ಕು ಹಿಡಿದು ಏಳು ತಿಂಗಳಿಂದ ನಲ್ಲಿಯಲ್ಲಿ ಕಂದು ನೀರು ಬರುತ್ತಿತ್ತು. ಮೂರು ತಿಂಗಳು ಸಹಿಸಿದ ಹೆಂಡತಿ ನಾಲ್ಕನೆಯ ತಿಂಗಳು ಅಕ್ಕನ ಮನೆ ಸೇರಿದ್ದಳು.

"ನೀರಿನ ಆಫೀಸಿನವರ ಹೆಂಡತಿಯಾಗಿ ಈ ನೀರಲ್ಲಿ ತಲೆ ತೊಳ್ಕೊಳ್ಳೋಕೆ ನನ್ನಿಂದ ಆಗಲ್ಲ. ಪೈಪು ಬದಲಿಸೋ ಕಡತಕ್ಕೆ ಸಹಿ ಬಿದ್ದ ದಿನ ಹೇಳಿ, ಬರ್ತೀನಿ," ಎಂದು ಹೇಳಿ ಹೋದವಳು ಮತ್ತೆ ತಿರುಗಿ ನೋಡಿರಲಿಲ್ಲ.

ಬಿಕೋ ಎನ್ನುವ ಮನೆಯಲ್ಲಿ ಅವನಿಗೆ ಜೊತೆಯಾದದ್ದು ಒಂದು ನೋಟುಪುಸ್ತಕ. ಆಫ್ರಿಕಾದ ಕಾಂಗೋ ನದಿಯ ಅಂಚನ್ನು ಗಾಜಿನ ತೊಟ್ಟಿಯಲ್ಲಿ ಕಟ್ಟುವ ನಕ್ಷೆಯನ್ನು ಅವನು ಅದರಲ್ಲಿ ಬರೆದು ಬರೆದು ಅಳಿಸುತ್ತಿದ್ದ. ಎಡಕ್ಕೆ ಬಾಗಿದ ಮರದ ಬೇರು. ಮಣ್ಣಿನಲ್ಲಿ ನೆಡದೆ, ಬೇರಿಗೇ ನೂಲಿನಿಂದ ಕಟ್ಟುವ ಅಗಲ ಎಲೆಯ ಗಿಡ. ತಳದಲ್ಲಿ ಸಣ್ಣ ಮರಳು, ಮರಳಿನ ಮೇಲೆ ಕೊಳೆಯುವ ಎಲೆ. ಆ ನದಿಯನ್ನು ಅವನು ಕಂಡವನಲ್ಲ. ಕಾಣದ್ದನ್ನು ಶ್ರದ್ಧೆಯಿಂದ ನೆನೆಯುವುದಕ್ಕೆ ಹಿರಿಯರು ಭಕ್ತಿ ಎಂದರು. ಆಫೀಸಿನವರು ಹುಚ್ಚು ಎಂದರು.

ಆ ಹುಚ್ಚಿಗೂ ಒಂದು ಕಾಲ ಬಂತು. ದೊಡ್ಡ ಸಾಹೇಬರು ತನಿಖೆಗೆ ಬರುವ ಸುದ್ದಿ ಬಂದಾಗ ಆಫೀಸಿನ ಸಾಹೇಬರು ಅವನನ್ನು ಕರೆದರು.

"ಹೊರಗಿನ ಹಾಲ್‌ನಲ್ಲಿ ಕಣ್ಣಿಗೆ ತಂಪಾಗಿರೋದು ಏನಾದ್ರೂ ಬೇಕು ಕಣಪ್ಪಾ. ನಿನ್ನ ಮೀನಿನ ತೊಟ್ಟಿ ಇಡು. ದೊಡ್ಡವರ ಮುಖ ಅರಳಿದ್ರೆ ಅವತ್ತೇ ಸಂಜೆ ನಿಮ್ಮ ಬೀದಿ ಕಡತಕ್ಕೆ ಸಹಿ ಹಾಕಿಸ್ತೀನಿ."

ತಣ್ಣೀರು ಹತ್ತು ದಿನ ನಿದ್ದೆಗೆಟ್ಟು ನದಿಯನ್ನು ಕಟ್ಟಿದ. ತನಿಖೆಯ ಬೆಳಿಗ್ಗೆ ಬಂದು ನೋಡಿದರೆ ತಳಕ್ಕೆ ಹಾಸಿದ ಹನ್ನೆರಡು ಬಾದಾಮಿ ಎಲೆಗಳ ಸಾರ ಇಳಿದು ನೀರು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಕಣ್ಣು ತುಂಬಿ ಬಂತು. ಕಾಂಗೋ ಅಂದರೆ ಇದೇ.

ಉಗ್ರಾಣದವನು ಬಗ್ಗಿ ನೋಡಿದ. "ಏನಯ್ಯಾ ತಣ್ಣೀರು, ಬಿಸಿನೀರಾಗಿಬಿಟ್ಟೆ. ಚಹಾ ನೀನು ಇಳಿಸಿದ್ದೀಯ, ಹಾಲು ನಾನು ತರ್ಲಾ?"

"ಅದು ಎಲೆಯ ಸಾರ. ಆ ನದಿ ಕಾಡೊಳಗಿಂದ ಬರ್ತದೆ, ಅದರ ಬಣ್ಣವೇ ಹಾಗೆ."

ಅಷ್ಟರಲ್ಲಿ ಟೈಪಿಸ್ಟ್ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಣ್ಣಾ, ಒಂದು ಮೀನು ಹೋಗಿಬಿಟ್ಟಿದೆ. ಹೊಟ್ಟೆ ಮೇಲೆ ಮಾಡ್ಕೊಂಡಿದೆ, ಪಾಪ."

"ಹೋಗಿಲ್ಲಮ್ಮ. ಆ ಜಾತಿ ಮೀಸೆ ಮೀನು ಅಂಗಾತಾನೇ ಈಜೋದು. ಹುಟ್ಟುಗುಣ."

"ಊಟ ಆದ್ಮೇಲೆ ನಮ್ಮ ಸಾಹೇಬರೂ ಹಾಗೇ ಇರ್ತಾರೆ," ಎಂದ ಉಗ್ರಾಣದವನು.

ಹುಡುಗಿಗೆ ನಂಬಿಕೆ ಬರಲಿಲ್ಲ. ಸತ್ತವರ ಮನೆಯವರು ಕಡೆಯವರೆಗೂ ಹೀಗೇ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ತಣ್ಣೀರು ಕೈ ತೊಳೆಯಲು ಹೋದಾಗ ಆ ಮೀನನ್ನು ನೀರಿನ ಸಮೇತ ಒಂದು ಲೋಟಕ್ಕೆ ತುಂಬಿ, ಸಾಹೇಬರ ಮೇಜಿನ ಮೂಲೆಯಲ್ಲಿಟ್ಟು, ಹೂಕುಂಡದಲ್ಲಿ ಗುಳಿ ತೋಡಲು ಹೋದಳು. ಸಾಹೇಬರು ಕಾಗದದಿಂದ ಕಣ್ಣು ತೆಗೆಯದೆ ಲೋಟವನ್ನು ತುಟಿಗಿಟ್ಟರು. ತುಟಿಗೆ ಏನೋ ಮೀಸೆಯಂಥದ್ದು ತಾಗಿತು.

"ಈ ಚಹಾ ಮಾಡಿದವನು ಯಾರಯ್ಯಾ?"

ಆ ಕೂಗಿಗೆ ಓಡಿ ಬಂದ ತಣ್ಣೀರು ಲೋಟವನ್ನು ಬಾಚಿಕೊಂಡು ಹೋಗಿ ಮೀನನ್ನು ತೊಟ್ಟಿಯ ನದಿಗೆ ಬಿಟ್ಟ. ಅದು ಏನೂ ಆಗದಂತೆ ಮತ್ತೆ ಅಂಗಾತವಾಯಿತು. ಹಿಂದೆಯೇ ಬಂದ ಸಾಹೇಬರು ತೊಟ್ಟಿಯನ್ನು ಕಂಡು ಬಿಳಿಚಿಕೊಂಡರು. "ನೀರಿನ ಆಫೀಸಲ್ಲಿ ಇಂಥ ನೀರಾ? ಚೆಲ್ಲು, ಮೊದಲು ಚೆಲ್ಲು."

ಚೆಲ್ಲಲು ಹೊತ್ತೆಲ್ಲಿ? ಬಾಗಿಲಲ್ಲಿ ದೊಡ್ಡ ಸಾಹೇಬರ ಜೀಪು ನಿಂತೇಬಿಟ್ಟಿತು. ಅದರ ಬೆನ್ನಿಗೇ ಅವನ ಬೀದಿಯ ಜನ ಬಾಟಲಿಗಳಲ್ಲಿ ಕಂದು ನೀರು ಹಿಡಿದು ದೂರು ಕೊಡಲು ನುಗ್ಗಿದರು. ಮುಂದೆ ನಿಂತವಳು ಅವನ ಪಕ್ಕದ ಮನೆಯ ಅಜ್ಜಿ. ಅವಳು ಬಾಟಲಿಯನ್ನು ತೊಟ್ಟಿಯ ಪಕ್ಕಕ್ಕೆ ಹಿಡಿದಳು. ಅವಳಿಜವಳಿ ಮಕ್ಕಳಂತೆ ಎರಡಕ್ಕೂ ಒಂದೇ ಬಣ್ಣ.

"ನೋಡ್ರಪ್ಪಾ, ನಮ್ಮ ನಲ್ಲಿ ನೀರು ಕುಡಿದು ಇವರ ಮೀನೂ ಮಲಗಿಬಿಟ್ಟಿದೆ."

ದೊಡ್ಡ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಏನ್ರೀ ಇದು ಕೊಳೆ?"

ಸಹಿ ಜಾರುವುದನ್ನು, ಅದರ ಹಿಂದೆ ಹೆಂಡತಿಯೂ ಜಾರುವುದನ್ನು ತಣ್ಣೀರು ಕಣ್ಣಾರೆ ಕಂಡ. ಹುಟ್ಟಿದಾಗಿನಿಂದ ಕೇಳುವ ಕಡೆಯೇ ಕೂತಿದ್ದವನಿಗೆ ಅಂದು ಎಲ್ಲಿಂದ ಬಂತೋ ವಾಕ್ಕು. "ಕೊಳೆ ಅಲ್ಲ ಸಾರ್. ಎಲೆ, ಬೇರು, ಕಾಡು ಬಿಟ್ಟುಕೊಟ್ಟ ಸತ್ವ. ನೀರು ತಿಳಿಯಾಗಿದ್ರೆ ಮಾತ್ರ ಒಳ್ಳೇದು ಅನ್ನೋದು ನಮ್ಮ ಕಣ್ಣಿನ ಅಹಂಕಾರ. ಲಕ್ಷಾಂತರ ಜೀವ ಇಂಥ ಕಂದು ನೀರಲ್ಲೇ ಹುಟ್ಟಿ, ಇದರಲ್ಲೇ ಸುಖವಾಗಿ ಬಾಳ್ತಾವೆ. ಇದು ಅವಕ್ಕೆ ಔಷಧಿ ಇದ್ದ ಹಾಗೆ." ಅಂಗಾತ ಮೀನು ಅದೇ ಹೊತ್ತಿಗೆ ಬಾಲ ಬಡಿದು ಇಡೀ ತೊಟ್ಟಿಯನ್ನು ಒಂದು ಸುತ್ತು ಬಂತು.

ದೊಡ್ಡ ಸಾಹೇಬರ ಮುಖ ನಿಧಾನವಾಗಿ ಅರಳಿತು. "ಭೇಷ್. ಇಷ್ಟು ವರ್ಷದಲ್ಲಿ ಇದನ್ನ ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ."

"ಹಾಗಾದ್ರೆ ನಮ್ಮ ನೀರೂ ಔಷಧೀನೇ ಏನಪ್ಪಾ ಮಗಾ?" ಎಂದಳು ಅಜ್ಜಿ.

"ಅಯ್ಯೋ ಅಜ್ಜೀ, ನಿಮ್ಮದು ಬೇರೆ. ಅದು ತು..." ಎನ್ನುವಷ್ಟರಲ್ಲಿ ಸಾಹೇಬರ ಬೂಟು ಅವನ ಕಾಲಬೆರಳ ಮೇಲೆ ಭಾರವಾಗಿ ಕೂತಿತು. ತುಕ್ಕು ಎಂಬ ಮಾತು ಅರ್ಧಕ್ಕೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನದು ಆಡಿದ ಮಾತೂ ಹೋಯಿತು, ಆಡದ ಮಾತೂ ಹೋಯಿತು. ಜನ ಬಾಟಲಿಗಳನ್ನೇ ನೋಡುತ್ತ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು.

ಸಂಜೆ ಸಾಹೇಬರು ಕಡತವನ್ನು ಅವನ ಕೈಗಿಟ್ಟು ಬೆನ್ನು ತಟ್ಟಿದರು. "ಕೊಟ್ಟ ಮಾತು ಉಳಿಸ್ಕೊಂಡಿದ್ದೀನಪ್ಪಾ. ದೊಡ್ಡವರೇ ಸಹಿ ಹಾಕಿದ್ದಾರೆ."

ತಣ್ಣೀರು ಕಡತ ಬಿಚ್ಚಿದ. 'ನೀರಿನ ಕಂದು ಬಣ್ಣವು ದೋಷವಲ್ಲ, ಸತ್ವ ಎಂದು ಕಚೇರಿಯ ತಜ್ಞರು ಜನರ ಸಮ್ಮುಖದಲ್ಲಿ ಖಚಿತಪಡಿಸಿರುತ್ತಾರೆ. ಪೈಪು ಬದಲಿಸುವ ಅಗತ್ಯ ಕಂಡುಬರುವುದಿಲ್ಲ. ಕಡತ ಮುಕ್ತಾಯ.' ಕೆಳಗೆ ಸಹಿ ಮುದ್ದಾಗಿ, ಗುಂಡಗೆ ಬಿದ್ದಿತ್ತು. ತಜ್ಞರ ಹೆಸರಿನ ಜಾಗದಲ್ಲಿ ಅವನದೇ ಹೆಸರಿತ್ತು.

ಅವನು ಕುರ್ಚಿಯಲ್ಲಿ ಕೂತು ತೊಟ್ಟಿಯ ಕಡೆ ನೋಡಿದ. ಹೊರಗೆ ಬೆಳಕು ಇಳಿದು ಕಂದು ನೀರು ಕಪ್ಪಾಗುತ್ತಿತ್ತು. ಟೈಪಿಸ್ಟ್ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ನಗುನಗುತ್ತ ಬಂದಳು.

"ಬೆಳಿಗ್ಗೆ ಮೀನಿನ ವಿಷಯದಲ್ಲಿ ತಪ್ಪು ಮಾಡಿದ್ನಲ್ಲಣ್ಣಾ, ಮನಸ್ಸು ತಡೀಲಿಲ್ಲ. ಕಡತಕ್ಕೆ ಸಹಿ ಬಿತ್ತು ಅಂತ ಅತ್ತಿಗೆಗೆ ನಾನೇ ಫೋನ್ ಮಾಡಿ ಹೇಳಿಬಿಟ್ಟೆ."

"ಏನಂದಳು?"

"ಆಗಲೇ ಬಸ್ ಹತ್ತಿಬಿಟ್ಟಿದ್ದಾರೆ. ಜೊತೇಲಿ ಅಕ್ಕನೂ ಬರ್ತಿದ್ದಾರಂತೆ, ನೀರು ನೋಡೋಕೆ."